ಯಾರಿಗೂ ತಿಳಿಯದಂತೆ ಕರೆಂಟು ತೆಗೆಯುವುದು

ಕರೆಂಟು ತೆಗೆಯುವುದು ನನ್ನ ಮನೆತನದ ಕಸುಬಲ್ಲ, ಆದರೂ ಕೈಗೆ ಹತ್ತಿದ ಕಸುಬು ಅದೊಂದೇ. ಧಾರವಾಡದ ಹೊರವಲಯದ ಒಂದು ಸಬ್‌ಸ್ಟೇಷನ್ನಿನಲ್ಲಿ ಏಳು ವರ್ಷ ಆಪರೇಟರ್ ಆಗಿದ್ದೆ. ಲೋಡು ಹೆಚ್ಚಾದಾಗ ಮೇಲಿನಿಂದ ಫೋನು ಬರುತ್ತಿತ್ತು, ಇಷ್ಟು ಇಳಿಸು ಎಂದು. ನಾನು ಎದ್ದು ಹೋಗಿ ಊರಿನ ಒಂದು ಭಾಗಕ್ಕೆ ಹೋಗುವ ಲೈನನ್ನು ಬಂದ್ ಮಾಡುತ್ತಿದ್ದೆ. ಫ್ಯಾನು ನಿಲ್ಲುತ್ತಿದ್ದವು, ಗಿರಣಿಯಲ್ಲಿ ಜೋಳ ಅರ್ಧ ಬೀಸಿ ಉಳಿಯುತ್ತಿತ್ತು, ಜನ ಫೋನು ಎತ್ತುತ್ತಿದ್ದರು. ಬೈಯುವವರಿಗೆ ನನ್ನ ಹೆಸರು ಗೊತ್ತಿರುತ್ತಿರಲಿಲ್ಲ, ಹಾಗಾಗಿ ನೇರವಾಗಿ ನನ್ನ ಅಪ್ಪನಿಂದಲೇ ಶುರು ಮಾಡುತ್ತಿದ್ದರು. ಏಳು ವರ್ಷದಲ್ಲಿ ಒಬ್ಬರೂ ಫೋನು ಮಾಡಿ, ನೀವು ಲೋಡು ಇಳಿಸಿದ್ದರಿಂದ ಇಡೀ ಜಿಲ್ಲೆ ಕತ್ತಲಾಗುವುದು ತಪ್ಪಿತು, ಬಹಳ ಉಪಕಾರವಾಯಿತು ಎಂದು ಹೇಳಲಿಲ್ಲ.

ಆ ಕೆಲಸದಿಂದ ಯಾರಿಗಾದರೂ ಗೌರವ ಸಿಕ್ಕಿದ್ದರೆ ಅದು ನನ್ನ ಹೆಂಡತಿಗೆ. ಯಾವ ಹೊತ್ತಿಗೆ ಎಲ್ಲಿ ಕರೆಂಟು ಹೋಗುತ್ತದೆಂದು ಅವಳಿಗೆ ಮೊದಲೇ ಹೇಳಿರುತ್ತಿದ್ದೆ. ಓಣಿಯ ಹೆಂಗಸರು ಹಿಟ್ಟು ರುಬ್ಬುವ ಮೊದಲು, ಇಸ್ತ್ರಿ ಪೆಟ್ಟಿಗೆ ಹಿಡಿಯುವ ಮೊದಲು ನಮ್ಮ ಬಾಗಿಲಿಗೆ ಬಂದು ಕೇಳುತ್ತಿದ್ದರು. "ಹನ್ನೊಂದಕ್ಕ ಹೋಗ್ತದ ನೋಡ್ರಿ, ಅಷ್ಟರಾಗ ಮುಗಿಸ್ಕೊಳ್ರಿ" ಎಂದು ಹೇಳುವಾಗ ಅವಳ ಮುಖದ ಮೇಲೆ ಮಂತ್ರಿಗಳ ಕಳೆ ಇರುತ್ತಿತ್ತು. ಹಾಗೆ ಹೇಳಬಾರದೆಂದು ನಮ್ಮ ಮೇಲಧಿಕಾರಿಗಳ ಕಟ್ಟಪ್ಪಣೆ ಇತ್ತು. ಆದರೆ ಅವರ ಮನೆಯವರೂ ನನ್ನ ಹೆಂಡತಿಯನ್ನೇ ಕೇಳಿ ನೀರಿನ ಪಂಪು ಹಚ್ಚುತ್ತಿದ್ದರು.

ತೊಂಬತ್ತರ ದಶಕದ ಆರಂಭದಲ್ಲಿ ನಾವು ಲಂಡನ್ನಿಗೆ ಬಂದೆವು. ಹೇಗೆ ಬಂದೆವು ಎಂಬುದು ಉದ್ದದ ಕಥೆ, ಅದರಲ್ಲಿ ನನ್ನ ಪರಾಕ್ರಮವೇನೂ ಇಲ್ಲ. ಊರಿನ ದಕ್ಷಿಣ ಅಂಚಿನ ಸಟನ್‌ನಲ್ಲಿ ಮನೆ ಮಾಡಿದೆವು. ನನ್ನ ಎಲೆಕ್ಟ್ರಿಕಲ್ ಡಿಪ್ಲೊಮಾದ ಸರ್ಟಿಫಿಕೇಟನ್ನು ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ಕಂಡಕಂಡ ಕಡೆ ತಿರುಗಿದೆ. ಎಲ್ಲರೂ ಅದನ್ನು ಎರಡೂ ಬದಿ ನೋಡಿ ಬಹಳ ಮರ್ಯಾದೆಯಿಂದ ವಾಪಸು ಕೊಟ್ಟರು. ಕೊನೆಗೆ ರೈಲ್ವೆ ಸ್ಟೇಷನ್ನಿನ ಹತ್ತಿರದ ಆರು ಮಹಡಿಯ ಆಫೀಸು ಕಟ್ಟಡದಲ್ಲಿ ಸೆಕ್ಯುರಿಟಿ ಗಾರ್ಡ್ ಕೆಲಸ ಸಿಕ್ಕಿತು. ಒಂದು ಟೈ, ಒಂದು ಟಾರ್ಚು, ಬಾಗಿಲಿಗೆ ಎದುರಾಗಿ ಒಂದು ಕುರ್ಚಿ. ಕೆಲವು ವರ್ಷದ ಮೇಲೆ ಅದೇ ಕಟ್ಟಡದ ನೆಲಮಹಡಿಯ ಕ್ಯಾಂಟೀನಿನಲ್ಲಿ ಹೆಂಡತಿಗೂ ಕೆಲಸವಾಯಿತು.

ಆ ಕುರ್ಚಿಯ ಮೇಲೆ ನಾನು ಹನ್ನೆರಡು ವರ್ಷ ಕುಳಿತೆ. ಮೊದಮೊದಲು ಮನೆಗೆ ಹೋಗಿ ಹೇಳಲು ಏನಾದರೂ ಇರುತ್ತಿತ್ತು. ಬರಬರುತ್ತ ಹೆಂಡತಿ "ಇವತ್ತೇನಾತ್ರಿ?" ಎಂದು ಕೇಳಿದರೆ "ಏನಾಗ್ತದ? ಬಾಗಲಾ ತೆರೀತು, ಬಾಗಲಾ ಮುಚ್ಚಿತು" ಎನ್ನುವುದು ರೂಢಿಯಾಯಿತು. ನಿಜ ಹೇಳಬೇಕೆಂದರೆ ನನಗೆ ನಾಚಿಕೆಯಾಗುತ್ತಿತ್ತು. ನಾನು ಒಮ್ಮೆ ಕೈಯಾಡಿಸಿದರೆ ಅರ್ಧ ಊರು ಕತ್ತಲಾಗುತ್ತಿದ್ದ ಕಾಲವನ್ನು ಕಂಡವಳು ಅವಳು. ಅವಳ ಮುಂದೆ ಬಾಗಿಲಿನ ಕಥೆ ಹೇಳಲು ಬಾಯಿ ಬರುತ್ತಿರಲಿಲ್ಲ.

ಆದರೂ ಕಣ್ಣು ಕಿವಿ ಸುಮ್ಮನಿರುತ್ತವೆಯೇ? ಕಟ್ಟಡದ ಹಳೆಯ ಎಂಜಿನಿಯರ್ ನೆಲಮಾಳಿಗೆಗೆ ಇಳಿಯುವಾಗಲೆಲ್ಲ ನಾನೂ ಟಾರ್ಚು ಹಿಡಿದು ಹಿಂದೆಯೇ ಇಳಿಯುತ್ತಿದ್ದೆ. ನೀರನ್ನು ತಣ್ಣಗೆ ಮಾಡಿ ಮಹಡಿಗಳಿಗೆ ಕಳಿಸುವ ಚಿಲ್ಲರ್ ಯಂತ್ರ, ಗಾಳಿ ತಳ್ಳುವ ಆಳೆತ್ತರದ ಫ್ಯಾನು, ಯಾವ ಸ್ವಿಚ್ಚು ಯಾವುದರದು, ಎಲ್ಲ ಬಾಯಿಪಾಠವಾಯಿತು. ಕಟ್ಟಡದ ಅತಿ ದೊಡ್ಡ ಗುಟ್ಟು ಕೂಡ ತಿಳಿಯಿತು. ನಾಲ್ಕನೇ ಮಹಡಿಯಲ್ಲಿ ಅಕ್ಕಪಕ್ಕದ ಮೇಜಿನವರಲ್ಲಿ ಒಬ್ಬಾಕೆಗೆ ವರ್ಷವಿಡೀ ಚಳಿ, ಒಬ್ಬಾತನಿಗೆ ವರ್ಷವಿಡೀ ಸೆಕೆ. ಗೋಡೆಯ ಮೇಲಿನ ಥರ್ಮೋಸ್ಟಾಟಿನ ಗುಂಡಿಯನ್ನು ಆಕೆ ಏರಿಸುವುದು, ಈತ ಇಳಿಸುವುದು, ಇಬ್ಬರೂ ಸರದಿಯ ಮೇಲೆ ಹಾಯೆಂದು ಕುಳಿತುಕೊಳ್ಳುವುದು. ಹಳೆಯ ಎಂಜಿನಿಯರ್ ಅದರ ವೈರನ್ನು ಎಂದೋ ಕಿತ್ತು ಹಾಕಿದ್ದ. ಗುಂಡಿಗೆ ಗೋಡೆಯ ಹೊರತು ಬೇರೆ ಯಾವುದರ ಸಂಬಂಧವೂ ಇರಲಿಲ್ಲ.

ಆತ ನಿವೃತ್ತನಾದ ವರ್ಷವೇ ಕಟ್ಟಡಕ್ಕೆ ಒಂದು ಡಬ್ಬಿ ಬಂತು. ಎರಡು ಸಾವಿರದ ಐದೋ ಆರೋ ಇರಬೇಕು. ಸ್ಕಾಟ್ಲೆಂಡಿನ ಒಬ್ಬ ಟೆಕ್ನಿಷಿಯನ್ ಅದನ್ನು ಕಂಕುಳಲ್ಲಿ ಹಿಡಿದು ಬಂದು, ನನ್ನ ಕುರ್ಚಿಯ ಮುಂದೆಯೇ ನಿಂತು ನಮ್ಮ ಮ್ಯಾನೇಜರ್ ಮೇಡಂಗೆ ವಿವರಿಸತೊಡಗಿದ. ಮೇಡಂ ಐವತ್ತು ದಾಟಿದ ಇಂಗ್ಲಿಷ್ ಹೆಂಗಸು, ನಗು ಬಂದರೂ ಹುಬ್ಬಿನಲ್ಲೇ ನಕ್ಕು ಮುಗಿಸುವವರು. ಟಿವಿಯಲ್ಲಿ ಧಾರಾವಾಹಿ ಮುಗಿದ ಕೂಡಲೇ ಇಡೀ ದೇಶ ಎದ್ದು ಹೋಗಿ ಚಹಾಕ್ಕೆ ಕರೆಂಟಿನ ಕೆಟಲ್ ಹಚ್ಚುತ್ತದೆ, ಗ್ರಿಡ್ ಉಸಿರು ಕಟ್ಟುತ್ತದೆ ಎಂದ ಆತ. ಎಲ್ಲೋ ಒಂದು ವಿದ್ಯುತ್ ಸ್ಥಾವರ ದಿಢೀರನೆ ನಿಂತರೂ ಅದೇ ಪಾಡು. ಆಗ ಗ್ರಿಡ್ಡಿನವರು ಹೇಳಿಕಳಿಸುತ್ತಾರೆ, ಈ ಡಬ್ಬಿ ಇರುವ ಕಟ್ಟಡಗಳೆಲ್ಲ ಒಂದರ್ಧ ಗಂಟೆ ತಮ್ಮ ತಮ್ಮ ಲೋಡನ್ನು ಸ್ವಲ್ಪ ಸ್ವಲ್ಪ ಇಳಿಸುತ್ತವೆ. ಇಂಥ ಕಟ್ಟಡಗಳು ಬೇಕಾದಷ್ಟು ಸೇರಿದರೆ ಒಂದು ಸ್ಥಾವರವನ್ನೇ ಹೊಸದಾಗಿ ಚಾಲೂ ಮಾಡಿದಂತೆ, ಯಾರ ಮನೆಯ ದೀಪವೂ ಆರುವುದಿಲ್ಲ, ಇಳಿಸಿದ ಕಟ್ಟಡಕ್ಕೆ ಗ್ರಿಡ್ಡಿನವರು ಹಣವನ್ನೂ ಕೊಡುತ್ತಾರೆ.

"ಬೇಸಿಗೆಯಲ್ಲಿ ಚಿಲ್ಲರ್ ನಿಲ್ಲಿಸಿದರೆ ಆರು ಮಹಡಿಯ ಜನ ನನ್ನನ್ನು ತಿಂದುಹಾಕುತ್ತಾರೆ" ಎಂದರು ಮೇಡಂ.

ಹನ್ನೆರಡು ವರ್ಷ ಮುಚ್ಚಿದ್ದ ಬಾಯಿ ತಾನಾಗಿಯೇ ತೆರೆಯಿತು. "ತಿನ್ನುವುದಿಲ್ಲ ಮೇಡಂ. ಒಂದು ಗಂಟೆ ಮೊದಲು ಒಂದು ಡಿಗ್ರಿ ಹೆಚ್ಚಿಗೆ ತಣ್ಣಗೆ ಮಾಡಿಟ್ಟರೆ ಗೊತ್ತೇ ಆಗುವುದಿಲ್ಲ. ಫ್ಯಾನನ್ನು ಪೂರ್ತಿ ನಿಲ್ಲಿಸಬಾರದು, ನಿಧಾನ ಮಾಡಬೇಕು. ಸದ್ದು ನಿಂತರೆ ಜನ ತಲೆ ಎತ್ತುತ್ತಾರೆ."

ಇಬ್ಬರೂ ನನ್ನತ್ತ ತಿರುಗಿದರು. ಕುರ್ಚಿಯೇ ಮಾತಾಡಿದಂತೆ ನೋಡಿದರು.

"ನಿಮಗೆ ಹೇಗೆ ಗೊತ್ತು?"

"ಧಾರವಾಡದಲ್ಲಿ ಏಳು ವರ್ಷ ಇದನ್ನೇ ಮಾಡುತ್ತಿದ್ದೆ. ಅಲ್ಲಿ ಎಲ್ಲರಿಗೂ ಗೊತ್ತಾಗುವ ಹಾಗೆ ಮಾಡುತ್ತಿದ್ದೆವು, ಇಲ್ಲಿ ಯಾರಿಗೂ ಗೊತ್ತಾಗದ ಹಾಗೆ ಮಾಡಬೇಕು, ಅಷ್ಟೇ ವ್ಯತ್ಯಾಸ."

ಮೇಡಂ ಎರಡು ದಿನ ಯೋಚಿಸಿ ನನ್ನನ್ನು ಕರೆದರು. ಕಟ್ಟಡದ ಯಂತ್ರಗಳನ್ನು ಹೊರಗಿನ ಕಂಪನಿಗೆ ವಹಿಸುವ ಮಾತು ನಡೆದಿದೆ ಎಂದರು. ಒಂದೇ ಒಂದು ಪರೀಕ್ಷೆ, ಮೂರರಿಂದ ಮೂರೂವರೆಯವರೆಗೆ. ನನ್ನ ಕುರ್ಚಿಯ ಮುಂದಿನ ಮೇಜಿನ ಮೇಲಿರುವ ದೂರು ಪುಸ್ತಕದಲ್ಲಿ ಒಂದೂ ದೂರು ಬರದಿದ್ದರೆ ಡಬ್ಬಿ ಉಳಿಯುತ್ತದೆ, ಯಂತ್ರಗಳ ಕೋಣೆಯ ಬೀಗದ ಕೈ ನನ್ನದು. ಒಂದೇ ಒಂದು ದೂರು ಬಂದರೂ ಡಬ್ಬಿ ವಾಪಸು, ನಾನು ಮತ್ತೆ ಕುರ್ಚಿಗೆ. ಪರೀಕ್ಷೆಯ ದಿನ ಕಟ್ಟಡದ ಯಾರಿಗೂ ತಿಳಿಯಬಾರದು.

"ಯಾರಿಗೂ" ಎಂದರೆ ಹೆಂಡತಿಗೂ ಎಂದು ನಾನು ಅರ್ಥಮಾಡಿಕೊಂಡೆ. ಅವಳೂ ಕಟ್ಟಡದವಳೇ ತಾನೆ? ಅಷ್ಟು ಪ್ರಾಮಾಣಿಕನಾಗಿ ನಾನು ಜೀವಮಾನದಲ್ಲಿ ಮೊದಲೆಂದೂ ನಡೆದುಕೊಂಡಿರಲಿಲ್ಲ. ಇನ್ನೊಂದು ಕಾರಣವೂ ಇತ್ತು. ಹೇಳಿಬಿಟ್ಟು ಆಮೇಲೆ ಸೋತರೆ ಅವಳ ಮುಖ ನೋಡುವುದು ಹೇಗೆ ಎಂಬ ಅಂಜಿಕೆ. ಹಿಂದಿನ ದಿನ ಸಂಜೆ ಅವಳು "ಏನ್ರಿ, ಮಾರಿ ಬ್ಯಾರೆನ ಕಾಣ್ತದಲ್ಲ?" ಎಂದು ಕೇಳಿದಾಗ "ನೆಗಡಿ" ಎಂದೆ.

ಆ ದಿನ ಲಂಡನ್ನಿಗೆ ಅಪರೂಪಕ್ಕೆ ಬರುವ ಉರಿ ಬಿಸಿಲು. ಎರಡು ಗಂಟೆಗೇ ನೆಲಮಾಳಿಗೆಗೆ ಇಳಿದು ಕಟ್ಟಡವನ್ನು ತಣ್ಣಗೆ ಮಾಡತೊಡಗಿದೆ. ಕಾಂಕ್ರೀಟು ಮಣ್ಣಿನ ಗಡಿಗೆಯ ಹಾಗೆ, ಒಮ್ಮೆ ತಂಪು ಹಿಡಿಯಿತೆಂದರೆ ಬೇಗ ಬಿಡುವುದಿಲ್ಲ. ಸರಿಯಾಗಿ ಮೂರಕ್ಕೆ ಟೆಕ್ನಿಷಿಯನ್ ತಲೆಯಾಡಿಸಿದ. ಚಿಲ್ಲರ್ ನಿಂತಿತು, ಬಿಸಿನೀರಿನ ಹೀಟರ್ ನಿಂತಿತು, ಮೂರು ಲಿಫ್ಟಿನಲ್ಲಿ ಒಂದು ನಿಂತಿತು, ಫ್ಯಾನುಗಳು ನಿಧಾನವಾದವು. ಅವನ ಲ್ಯಾಪ್‌ಟಾಪಿನ ಮೇಲಿನ ಗೆರೆ ಮೆಟ್ಟಿಲು ಇಳಿಯಿತು. ಅದನ್ನು ನೋಡಿ ನನಗೆ ಆದ ಖುಷಿಯನ್ನು ಏನೆಂದು ಹೇಳಲಿ? ಇಷ್ಟು ಲೋಡು ಇಳಿಸಿದ್ದೇನೆ, ಇಡೀ ಸಟನ್‌ನಲ್ಲಿ ಒಬ್ಬನೂ ನನ್ನ ಅಪ್ಪನ ಸುದ್ದಿ ತೆಗೆದಿಲ್ಲ!

ಟೆಕ್ನಿಷಿಯನ್‌ನನ್ನು ಅಲ್ಲೇ ಬಿಟ್ಟು ಮಹಡಿ ಮಹಡಿ ಹತ್ತಿದೆ, ಕೈಯಲ್ಲಿ ಒಂದು ಕಾಗದ ಹಿಡಿದು, ಏನೋ ಎಣಿಸುವವನಂತೆ. ಎರಡನೆಯದರಲ್ಲಿ ಟೈಪಿಂಗ್ ನಡೆದಿತ್ತು. ಮೂರನೆಯದರಲ್ಲಿ ಯಾರದೋ ಹುಟ್ಟುಹಬ್ಬದ ಕೇಕು ಕೊಯ್ಯುತ್ತಿದ್ದರು, ನನಗೂ ಒಂದು ತುಂಡು ಸಿಕ್ಕಿತು. ನಾಲ್ಕನೆಯದರ ಬಾಗಿಲನ್ನು ಮೆಲ್ಲಗೆ ತಳ್ಳಿದೆ. ಸೆಕೆಯ ಮನುಷ್ಯ ಕಾಲರ್ ಸಡಿಲಿಸಿ ಎದ್ದು ನಿಂತಿದ್ದ. ಇನ್ನೇನು ಕೆಳಗೆ ಹೋಗಿ ಪುಸ್ತಕದಲ್ಲಿ ಬರೆಯುತ್ತಾನೆ ಅಂದುಕೊಂಡೆ. ಅವನು ಗೋಡೆಯತ್ತ ನಡೆದು ಗುಂಡಿಯನ್ನು ಎರಡು ಗುರುತು ಇಳಿಸಿ, ಒಂದು ನಿಮಿಷ ಕಾದು, "ಈಗ ಸರಿಯಾಯಿತು" ಎಂದು ಕುಳಿತ. ಕೂಡಲೇ ಚಳಿಯ ಹೆಂಗಸು ಸ್ವೆಟರ್ ಹಾಕಿಕೊಂಡಳು. ನಾನು ಮೆಟ್ಟಿಲಿನ ಬಾಗಿಲು ಹಾಕಿಕೊಂಡು ಗೋಡೆಗೆ ಒರಗಿ ಬಾಯಿಗೆ ಟೈ ಒತ್ತಿಕೊಂಡು ನಕ್ಕೆ.

ಮುನ್ನೂರು ಜನರ ಕಟ್ಟಡ, ಚಿಲ್ಲರ್ ನಿಂತು ಇಪ್ಪತ್ತು ನಿಮಿಷ, ಯಾರಿಗೂ ಪತ್ತೆಯಿಲ್ಲ. ಆದರೆ ಇಳಿಸುವ ಪಟ್ಟಿಯಲ್ಲಿ ಕ್ಯಾಂಟೀನಿನ ಹೊಗೆ ಎಳೆಯುವ ಫ್ಯಾನನ್ನೂ ಸೇರಿಸಿದವನು ನಾನೇ. ಮೂರಕ್ಕೆ ಅಡುಗೆ ಮುಗಿದಿರುತ್ತದೆ, ಬರೀ ಚಹಾ, ಅರ್ಧ ವೇಗ ಸಾಕು ಎಂಬುದು ನನ್ನ ಲೆಕ್ಕ. ಊಟದ ಗದ್ದಲ ಮುಗಿದ ಮೇಲೆ ನನ್ನ ಹೆಂಡತಿ ತನಗಾಗಿ ಒಂದು ಮುಷ್ಟಿ ಅವಲಕ್ಕಿಗೆ ಒಗ್ಗರಣೆ ಹಾಕಿಕೊಳ್ಳುತ್ತಾಳೆ ಎಂಬುದು ನನಗೆ ಗೊತ್ತಿರಲಿಲ್ಲ. ಅವಳೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಆಮೇಲೆ ತಿಳಿದದ್ದೆಂದರೆ, ಸಾಸಿವೆ ಸಿಡಿದು ಬ್ಯಾಡಗಿ ಮೆಣಸಿನಕಾಯಿ ಎಣ್ಣೆಗೆ ಬೀಳುವುದಕ್ಕೂ ಫ್ಯಾನು ಅರ್ಧ ಉಸಿರಿಗೆ ಇಳಿಯುವುದಕ್ಕೂ ಸರಿಹೋಯಿತು. ಘಾಟು ಮೇಲೆ ಹೋಗದೆ ಚಹಾದ ಸಾಲಿನ ಕಡೆ ಬಂತು. ಸಾಲಿನಲ್ಲಿದ್ದವರು ಕೆಮ್ಮಿದರು, ಸೀನಿದರು, ಕಣ್ಣೊರೆಸಿಕೊಂಡರು. ಸೀನಿದ್ದಕ್ಕಾಗಿ ಒಬ್ಬರನ್ನೊಬ್ಬರು ಕ್ಷಮೆ ಕೇಳಿ ಚಹಾ ತೆಗೆದುಕೊಂಡು ಹೋದರು. ದೂರು ಕೊಡುವುದು ಯಾರಿಗೂ ಹೊಳೆಯಲಿಲ್ಲ.

ಮೂರೂವರೆಗೆ ಎಲ್ಲ ಮೊದಲಿನಂತಾಯಿತು. ಟೆಕ್ನಿಷಿಯನ್ ನನ್ನ ಕೈ ಕುಲುಕಿದ. ನಾಲ್ಕಕ್ಕೆ ಮೇಡಂ ಲಿಫ್ಟಿನಿಂದ ಇಳಿದು ನೇರ ನನ್ನ ಮೇಜಿಗೆ ಬಂದು ದೂರು ಪುಸ್ತಕ ತೆರೆದರು. ತೆರೆದವರು ಹುಬ್ಬು ಏರಿಸಿ ಅಲ್ಲೇ ನಿಂತರು. ನಾನು ಬಗ್ಗಿ ನೋಡಿದೆ. ಆ ದಿನದ ಹಾಳೆಯಲ್ಲಿ ದುಂಡಗಿನ ಅಕ್ಷರದಲ್ಲಿ, ಕನ್ನಡದಲ್ಲಿ, ಹೀಗೆ ಬರೆದಿತ್ತು:

"ಮೂರಕ್ಕ ಫ್ಯಾನ್ ಇಳಿಸೀರಿ. ನನಗ ಗೊತ್ತಾಗಂಗಿಲ್ಲ ಅಂತ ತಿಳಕೊಂಡೀರೇನು? ಏಳು ವರ್ಷ ನಿಮ್ಮ ಲೋಡ್ ಶೆಡ್ಡಿಂಗಿನಾಗ ಸಂಸಾರ ಮಾಡೇನಿ. ಕಣ್ಣಾಗ ಘಾಟು ತುಂಬಿ ಒಗ್ಗರಣಿ ಹೊತ್ತಿ ಹೋತು. ಬಂದು ನೋಡಿದ್ರ ಕುರ್ಚಿ ಖಾಲಿ. ಧಾರವಾಡದಾಗ ಸಾಹೇಬ್ರ ಬ್ಯಾಡ ಅಂದ್ರೂ ನನಗ ಹೇಳಿ ತೆಗೀತಿದ್ರಿ. ಈ ಊರಿಗೆ ಬಂದ ಮ್ಯಾಲೆ ನೀವು ನನಗ ಏನೂ ಹೇಳೂದ ಬಿಟ್ಟೀರಿ."

ಮುನ್ನೂರು ಜನರಲ್ಲಿ ಒಬ್ಬಳಿಗೆ ಗೊತ್ತಾಗಿತ್ತು. ಫ್ಯಾನಿನ ಸದ್ದು ತಗ್ಗಿದ ಕೂಡಲೇ ಇದು ಕೆಟ್ಟದ್ದಲ್ಲ, ತೆಗೆದದ್ದು, ತೆಗೆದವನು ಇಂಥವನು ಎಂದು ಅವಳ ಕಿವಿಗೆ ತಿಳಿದಿತ್ತು. ನನ್ನ ಮೇಜಿನ ಮೇಲಿನ ಪುಸ್ತಕ ನನ್ನದೇ ಎಂದುಕೊಂಡು, ನನಗೊಬ್ಬನಿಗೇ ಓದಲು ಬರುವ ಹಾಗೆ ಬರೆದು ಹೋಗಿದ್ದಳು. ಕೊನೆಯ ಸಾಲನ್ನು ಓದುವಾಗ ನನಗೆ ಡಬ್ಬಿಯೂ ನೆನಪಾಗಲಿಲ್ಲ, ಬೀಗದ ಕೈಯೂ ನೆನಪಾಗಲಿಲ್ಲ.

"ಏನು ಬರೆದಿದೆ?" ಎಂದರು ಮೇಡಂ.

ಬಾಯಿಗೆ ಬಂದ ಸುಳ್ಳು ಇದು: "ಕಟ್ಟಡ ಬಹಳ ತಂಪಾಗಿದೆ, ಧನ್ಯವಾದ ಅಂತ ಬರೆದಿದೆ ಮೇಡಂ."

"ಅಷ್ಟು ಹೇಳಲು ಇಷ್ಟು ಸಾಲು ಬೇಕೆ?"

"ನಮ್ಮ ಭಾಷೆಯಲ್ಲಿ ಉಪಚಾರದ ಮಾತು ಜಾಸ್ತಿ."

"ಬರೆದವರು ಯಾರು?"

"ಗೊತ್ತಿಲ್ಲ ಮೇಡಂ."

"ಈ ಲಿಪಿ ಬರೆಯುವವರು ಈ ಕಟ್ಟಡದಲ್ಲಿ ಎಷ್ಟು ಜನ ಇದ್ದಾರೆ?" ಎಂದು ಕೇಳಿದವರು ನನ್ನ ಉತ್ತರಕ್ಕೆ ಕಾಯದೆ ಕ್ಯಾಂಟೀನಿಗೆ ಫೋನು ಮಾಡಿದರು.

ಹೆಂಡತಿ ಏಪ್ರನ್ನಿಗೆ ಕೈ ಒರೆಸುತ್ತ ಬಂದಳು. ಕಣ್ಣು ಇನ್ನೂ ಕೆಂಪಗಿದ್ದವು, ಅದು ಮೆಣಸಿನಕಾಯಿಯದೋ ಮತ್ತೇನೋ ನನಗೆ ತಿಳಿಯಲಿಲ್ಲ. ಮೇಡಂ ಪುಸ್ತಕವನ್ನು ಅವಳ ಮುಂದೆ ತಿರುಗಿಸಿಟ್ಟು, ಇದು ದೂರೇ ಎಂದು ಕೇಳಿದರು. ನಾನು ಮೇಡಂ ಹಿಂದೆ ನಿಂತು ಕಣ್ಣು, ಹುಬ್ಬು, ಕುತ್ತಿಗೆ, ಇದ್ದದ್ದನ್ನೆಲ್ಲ ಆಡಿಸಿ ಅಲ್ಲ ಅನ್ನು, ಅಲ್ಲ ಅನ್ನು ಎಂದು ಸನ್ನೆ ಮಾಡಿದೆ. ಅವಳು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದಳು. ಅವಳಿಗೆ ಪರೀಕ್ಷೆಯೂ ಗೊತ್ತಿಲ್ಲ, ಷರತ್ತೂ ಗೊತ್ತಿಲ್ಲ. ಆದರೆ ಗಂಡ ಎಲ್ಲೋ ಸಿಕ್ಕಿಬಿದ್ದಿದ್ದಾನೆ ಎಂಬುದು ಕಂಡಿತು. ಸುಳ್ಳು ಹೇಳಿ ಅವಳಿಗೆ ಅಭ್ಯಾಸವಿಲ್ಲ, ಸಿಟ್ಟು ಬಿಟ್ಟುಕೊಡುವುದಂತೂ ಮೊದಲೇ ಇಲ್ಲ. ತನ್ನ ಇಂಗ್ಲಿಷಿನಲ್ಲಿ ಒಂದೊಂದೇ ಮಾತನ್ನು ಜೋಡಿಸಿ ಹೇಳಿದಳು:

"ಯೆಸ್ ಮೇಡಂ. ಕಂಪ್ಲೇಂಟ್. ಬಟ್ ನಾಟ್ ಬಿಲ್ಡಿಂಗ್ ಕಂಪ್ಲೇಂಟ್. ಹಸ್ಬೆಂಡ್ ಕಂಪ್ಲೇಂಟ್."

ಮೇಡಂ ಹುಬ್ಬು ಏರಿತು, ಇಳಿಯಿತು, ಮತ್ತೆ ಏರಿತು. ಆಮೇಲೆ ನಾನು ಅಲ್ಲಿಯವರೆಗೆ ಕಂಡಿರದ ಒಂದು ಘಟನೆ ನಡೆಯಿತು. ಅವರ ಹಲ್ಲು ಕಂಡವು. ಮೇಜು ಹಿಡಿದುಕೊಂಡು, ಟೆಕ್ನಿಷಿಯನ್ ನೆಲಮಾಳಿಗೆಯಿಂದ ಓಡಿ ಬರುವಷ್ಟು ಜೋರಾಗಿ ನಕ್ಕರು. ಗಂಡಂದಿರ ಬಗ್ಗೆ ಷರತ್ತಿನಲ್ಲಿ ಏನೂ ಇರಲಿಲ್ಲ ಎಂದು ಹೇಳಿ, ಯಂತ್ರಗಳ ಕೋಣೆಯ ಬೀಗದ ಕೈಯನ್ನು ಜೇಬಿನಿಂದ ತೆಗೆದು ನನ್ನ ಮುಂದಿಟ್ಟರು. ಕೊಡಲೆಂದೇ ಜೇಬಿನಲ್ಲಿ ಇಟ್ಟುಕೊಂಡು ಬಂದಿದ್ದರೆಂದು ಕಾಣುತ್ತದೆ. ನಾನು ಅದನ್ನು ಎತ್ತಿಕೊಳ್ಳುವಷ್ಟರಲ್ಲಿ ಪುಸ್ತಕವನ್ನೂ ನನ್ನ ಕಡೆ ನೂಕಿದರು.

"ಯಾರ ಮೇಲಿನ ದೂರೇ ಇರಲಿ, ಈ ಪುಸ್ತಕದಲ್ಲಿ ಉತ್ತರವಿಲ್ಲದೆ ಉಳಿಯುವಂತಿಲ್ಲ. ಕಟ್ಟಡದ ಎಂಜಿನಿಯರ್ ಇವತ್ತೇ ಕೆಳಗೆ ಉತ್ತರ ಬರೆಯಬೇಕು. ದೂರು ಕೊಟ್ಟವರು ಓದಿ, ಸಮಾಧಾನವಾಯಿತೋ ಇಲ್ಲವೋ ಎಂದು ಪಕ್ಕದ ಕಾಲಮಿನಲ್ಲಿ ಬರೆಯಬೇಕು."

ಎಂಜಿನಿಯರ್ ಎಂದು ಈ ದೇಶದಲ್ಲಿ ಯಾರಾದರೂ ನನ್ನನ್ನು ಕರೆದದ್ದು ಅದೇ ಮೊದಲು. ಹಿಗ್ಗಲು ಪುರಸೊತ್ತಾಗಲಿಲ್ಲ. ಹೆಂಡತಿ ನನ್ನ ಕಡೆ ನೋಡದೆ ಕ್ಯಾಂಟೀನಿಗೆ ಹೋಗಿಬಿಟ್ಟಿದ್ದಳು.

ನೆಲಮಾಳಿಗೆಯಲ್ಲಿ ಕುಳಿತು ಬರೆಯತೊಡಗಿದೆ. ಮೊದಲು "ಸದರಿ ದೂರಿಗೆ ಸಂಬಂಧಿಸಿದಂತೆ" ಎಂದು ಶುರು ಮಾಡಿ ಹೊಡೆದು ಹಾಕಿದೆ. "ತಾಂತ್ರಿಕ ಕಾರಣಗಳಿಂದ" ಎಂದು ಬರೆದು ಅದನ್ನೂ ಹೊಡೆದು ಹಾಕಿದೆ. ಬಾಯಲ್ಲಿ ಆಡುವುದನ್ನೇ ಬಿಟ್ಟವನಿಗೆ ಬರವಣಿಗೆ ಎಲ್ಲಿಂದ ಬರಬೇಕು? ಕೊನೆಗೆ "ತಪ್ಪಾತು" ಎಂದು ಬರೆದೆ. ಅದೊಂದು ಮಾತು ಕೆಳಗಿಳಿದದ್ದೇ ಹಿಂದಿನಿಂದ ಉಳಿದವು ಬಂದವು. ಮೇಡಂ ಹಾಕಿದ ಷರತ್ತು ಬರೆದೆ. ನೆಗಡಿ ಇರಲಿಲ್ಲ, ಅಂಜಿಕೆ ಇತ್ತು ಎಂದು ಬರೆದೆ. ಲ್ಯಾಪ್‌ಟಾಪಿನ ಗೆರೆ ಇಳಿದದ್ದು, ಮೂರನೇ ಮಹಡಿಯ ಕೇಕು, ನಾಲ್ಕನೇ ಮಹಡಿಯ ವೈರಿಲ್ಲದ ಗುಂಡಿ, ನಾನು ಮೆಟ್ಟಿಲಲ್ಲಿ ಟೈ ಕಚ್ಚಿಕೊಂಡು ನಕ್ಕದ್ದು, ಎಲ್ಲ ಬರೆದೆ. ಕುರ್ಚಿಯ ಮೇಲೆ ಕುಳಿತವನ ದಿನಚರಿಯನ್ನು ನಿನಗೆ ಹೇಳಲು ನಾಚಿಕೆಯಾಗುತ್ತಿತ್ತು, ಅದಕ್ಕೆ ಸುಮ್ಮನಾದೆ, ನಿನ್ನ ಮೇಲಿನ ಸಿಟ್ಟಿಗಲ್ಲ ಎಂದು ಬರೆದೆ. ಹಾಳೆ ಮುಗಿದು ಹಿಂದಿನ ಬದಿಗೂ ಹೋಯಿತು. ಐದು ಗಂಟೆಗೆ ಪುಸ್ತಕ ಹಿಡಿದು ಕ್ಯಾಂಟೀನಿಗೆ ಹೋದೆ.

ಅವಳು ಬಾಣಲೆಯ ತಳಕ್ಕೆ ಹತ್ತಿದ್ದನ್ನು ಕೆರೆಯುತ್ತಿದ್ದಳು. ಕೈ ಒರೆಸಿಕೊಂಡು, ನಿಂತೇ ಓದಿದಳು. ಗುಂಡಿಯ ಸಂಗತಿ ಬಂದಲ್ಲಿ ತುಟಿ ಅಲುಗಿತು, ಆದರೆ ನಗಲಿಲ್ಲ. ಹಾಳೆ ತಿರುವಿ ಹಿಂದಿನ ಬದಿಯನ್ನೂ ಓದಿದಳು. ಆಮೇಲೆ ದಾರ ಕಟ್ಟಿದ ಪೆನ್ನನ್ನು ಎಳೆದುಕೊಂಡು, ಸಮಾಧಾನವಾಯಿತೇ ಎಂಬ ಕಾಲಮಿನಲ್ಲಿ ಬರೆದಳು:

"ಇಲ್ಲ. ಮುಂದ ಹೇಳ್ರಿ."